ತಲೆಗೆಷ್ಟು ಕರೆಂಟು

ಮಹಾನಗರಪಾಲಿಕೆಯ ಕಟ್ಟಡಗಳಲ್ಲಿ ಕರೆಂಟು ಉಳಿಸಬೇಕೆಂದು ಕಮಿಷನರ್ ಸಾಹೇಬರು ಹಟ ಹಿಡಿದರು. ಎಲ್ಲಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು ಹೆರಿಗೆ ಆಸ್ಪತ್ರೆ.

"ಅಲ್ಲಿನ ಗೀಸರ್ ಇವತ್ತೇ ಕಿತ್ತುಹಾಕು," ಎಂದು ಎಲೆಕ್ಟ್ರಿಷಿಯನ್ ದಾದಾಪೀರನಿಗೆ ಹೇಳಿದರು.

ಹಸಿ ಬಾಣಂತಿಯರಿಗೆ ತಣ್ಣೀರೇ ಗತಿಯಾಗುತ್ತದೆಂದು ದಾದಾಪೀರನಿಗೆ ಗೊತ್ತಿತ್ತು. ಆದರೂ ದನಿ ಏರಿಸಲಿಲ್ಲ.

"ಆಗಲಿ ಸಾರ್. ಆದರೆ ಕಟ್ಟಡದ ಲೆಕ್ಕ ಹಿಡಿದರೆ ಜನ ಆಡಿಕೊಳ್ತಾರೆ. ತಲೆಗೆ ಎಷ್ಟು ಅಂತ ನೋಡಿ, ಜಾಸ್ತಿ ಉರಿಸೋರದ್ದು ಮಾತ್ರ ಕೀಳೋಣ."

ಮಾತು ನ್ಯಾಯವಾಗಿ ಕಂಡಿತು. ಸಾಹೇಬರು ಹಾಗೇ ಆದೇಶ ಬರೆಸಿ ಸಹಿ ಹಾಕಿದರು. ದಾದಾಪೀರ ಅಲ್ಲೇ ಏಣಿ ಹತ್ತಿ ಅವರ ಏಸಿಯ ವೈರು ಬಿಚ್ಚತೊಡಗಿದ.

"ಏನಯ್ಯಾ ಇದು?"

"ಈ ಕೋಣೇಲಿ ಏಸಿ ಎರಡು, ತಲೆ ಒಂದೇ ಸಾರ್."

"ಮತ್ತೆ ಆಸ್ಪತ್ರೆ?"

"ಅಲ್ಲಿ ತಲೆ ದಿನಾ ಹೆಚ್ಚುತ್ತಲೇ ಇರ್ತವಲ್ಲ ಸಾರ್."

ಸಾಹೇಬರು ತಮ್ಮ ಸಹಿಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಕಿಟಕಿ ತೆರೆದರು.