ಹೆಡಿಗೆ ಮರಡಿ

ತೊಂಡಿಗನಾಳದ ಮೂಡಲಿಗೆ, ಹಳ್ಳ ದಾಟಿದೊಡನೆ ಕಾಣುವ ಬೋಳು ದಿಬ್ಬಕ್ಕೆ ಹೆಡಿಗೆ ಮರಡಿ ಎಂದು ಹೆಸರು. ಗೊಬ್ಬರ ಹೊರುವ ಬುಟ್ಟಿಗೆ ನಮ್ಮ ಸೀಮೆಯಲ್ಲಿ ಹೆಡಿಗೆ ಎನ್ನುತ್ತಾರೆ. ಗರಸು ಕಲ್ಲಿನ ಈ ಇಳಿಜಾರಿನಲ್ಲಿ ಇಂದು ಕುರಿಗೂ ಮೇವಿಲ್ಲ. ಹಿಂದೆ ಒಮ್ಮೆ ಇಲ್ಲಿ ಆಳು ಮುಳುಗುವಷ್ಟು ಜೋಳ ನಿಲ್ಲುತ್ತಿತ್ತಂತೆ. ಹೊಲ ಭರಮಣ್ಣನೆಂಬ ಒಕ್ಕಲಿಗನದು. ಮಳೆನೀರು ಮಣ್ಣನ್ನು ಎಳೆದೊಯ್ಯದಂತೆ ಅವನ ಅಜ್ಜ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿದ್ದ. ಇನ್ನೂ ನಾಲ್ಕು ಸಾಲು ಬಿತ್ತುವ ಆಸೆಗೆ ಭರಮಣ್ಣ ಅವನ್ನು ಕೀಳಿಸಿದ. ಮೊದಲ ವರ್ಷ ಕಣ ತುಂಬಿತು.

ಮರುವರ್ಷದಿಂದ ಪ್ರತಿ ಮಳೆಗೂ ಹಳ್ಳ ಕಪ್ಪಾಗಿ ಹರಿಯತೊಡಗಿತು. ತೆನೆ ಸಣ್ಣದಾಯಿತು. ಭರಮಣ್ಣ ಬೀಜ ಹೆಚ್ಚಿಸಿದ, ಗೊಬ್ಬರ ಹೆಚ್ಚಿಸಿದ. ಹತ್ತು ಹೆಡಿಗೆ ಸಾಕಾಗುತ್ತಿದ್ದ ಪಟ್ಟಿಗೆ ನಲವತ್ತು ಬೇಕಾಯಿತು. ಬೆಳೆ ಮಾತ್ರ ಮೊದಲಿನ ಅರ್ಧಕ್ಕೂ ಬರಲಿಲ್ಲ. ಹೊರುವವಳು ಅವನ ಹೆಂಡತಿ ತಿಪ್ಪವ್ವ. ನೆತ್ತಿಯ ಕೂದಲು ಸವೆದ ಮೇಲೆ ಒಂದು ದಿನ ಅವಳು, "ಹಾಕಿದ್ದೆಲ್ಲಾ ಹಳ್ಳದ ಪಾಲಾಗಾಕತ್ತೈತಿ. ಮೊದಲು ಒಡ್ಡು ಕಟ್ಟೂಣು," ಎಂದಳು. ತಾನೇ ಕಿತ್ತದ್ದನ್ನು ತಾನೇ ಕಟ್ಟಿದರೆ ಊರು ನಕ್ಕೀತೆಂದು ಭರಮಣ್ಣನಿಗೆ ಅಳುಕು. "ಇನ್ನೊಂದು ಹೆಡಿಗಿ ತಾ," ಎಂದಷ್ಟೇ ಹೇಳಿದ.

ಅವಳು ತಂದಳು. ಅಂದು ಜಿಟಿಜಿಟಿ ಮಳೆ. ಮಣ್ಣು ಹೋಗಿ ಹಾಸುಬಂಡೆ ಎದ್ದಿದ್ದ ಕಡೆ ಕಾಲು ಜಾರಿ, ತಲೆಮೇಲಿನ ಭಾರದೊಂದಿಗೆ ಕೆಳಗುರುಳಿದಳು. ಭರಮಣ್ಣ ಓಡಿಬಂದು ತೊಡೆಯ ಮೇಲೆ ತಲೆ ಇಟ್ಟುಕೊಂಡಾಗ ಅವಳು ಕೇಳಿದ್ದು ಒಂದೇ: "ಗೊಬ್ಬರ ಚೆಲ್ಲಿತೇನು?"

"ಇಲ್ಲ. ಹೊಲದಾಗನ ಬಿದ್ದೈತಿ," ಎಂದು ಅವನು ಸುಳ್ಳು ಹೇಳಿದ. ಅವನ ಕಣ್ಣೆದುರೇ ಅದು ಮಳೆನೀರಿನೊಡನೆ ಹಳ್ಳಕ್ಕೆ ಇಳಿಯುತ್ತಿತ್ತು. ಅವಳು ನಂಬಿದಳೋ ಇಲ್ಲವೋ, ಅವನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು.

ಆಮೇಲೆ ಭರಮಣ್ಣ ಬಿತ್ತಲಿಲ್ಲ. ಕೂಲಿ ಮಾಡಿ ಉಂಡು, ಉಳಿದ ಹೊತ್ತೆಲ್ಲ ಕಲ್ಲು ಹೊತ್ತು ಒಡ್ಡು ಕಟ್ಟಿದ; ಹಳ್ಳದ ಮಣ್ಣನ್ನು ಅವಳ ಹೆಡಿಗೆಯಲ್ಲೇ ತುಂಬಿ ಮೇಲಕ್ಕೆ ತಂದು ಸುರಿದ. ಊರವರು ನಗಲಿಲ್ಲ; ಕೆಲವರು ಕೈಜೋಡಿಸಲು ಹೋದರೆ ಅವನೇ ಬೇಡವೆಂದ. ಹದಿನೇಳು ವರ್ಷ ಹೀಗೆ ನಡೆಯಿತು ಎನ್ನುತ್ತಾರೆ. ಒಂದು ತೆನೆಯನ್ನೂ ಕಾಣದೆ ತೀರಿಕೊಂಡ.

ದಿಬ್ಬ ಹತ್ತಿದವರಿಗೆ ಈಗಲೂ ಆ ಒಡ್ಡು ಕಾಣುತ್ತದೆ. ಅರ್ಧ ಇಳಿಜಾರಿನವರೆಗೆ ಬಂದು ತಟ್ಟನೆ ನಿಂತಿದೆ. ಅದರ ಹಿಂದೆ ಎರಡು ಬೆರಳಿನಷ್ಟು ಕಪ್ಪು ಮಣ್ಣಿದೆ. ಅದನ್ನು ತುಳಿಯಬೇಡಿ, ಸುತ್ತಿಕೊಂಡು ಹೋಗಿ ಎಂದು ಹೊಸಬರಿಗೆ ನಮ್ಮೂರವರು ಹೇಳುತ್ತಾರೆ.