ಪಾರ್ಕಿಂಗ್ ಮೈದಾನಕ್ಕೊಂದು ಸ್ಪೀಕರ್

ನಗರಸಭೆಯಲ್ಲಿ ಪರ್ಮಿಟ್ ಬರೆಯುವ ಒಬ್ಬ ಗುಮಾಸ್ತನಿದ್ದ. ಸಂಗೀತ ಸಭೆಯ ಅಧ್ಯಕ್ಷ ಪಟ್ಟಾಭಿರಾಮಯ್ಯ ಅವನ ಮೇಜು ಕುಟ್ಟಿ ಗುಡುಗಿದರು.

"ನಾಳೆ ಸಂಗೀತ ಕಛೇರಿಗೆ ದೊಡ್ಡವರೆಲ್ಲ ಬರ್ತಾರೆ ಕಣಯ್ಯ. ಅವರ ಕಾರು ತಗೊಂಡು ಹೋಗಿ ನಿಲ್ಲಿಸೋಕೆ ಡ್ರೈವರುಗಳನ್ನ ಇಟ್ಟಿದೀನಿ. ವ್ಯಾಲೆ ಪಾರ್ಕಿಂಗ್ ಪರ್ಮಿಟ್ ಈಗಲೇ ಬೇಕು. ಮಂಗಳ ಮುಗಿಯೋ ಹೊತ್ತಿಗೆ ಕಾರು ಬಾಗಿಲಲ್ಲಿರಬೇಕು!"

"ರಸ್ತೇಲಿ ನಿಲ್ಲಿಸೋ ಹಾಗಿಲ್ಲ ಸಾರ್. ಕೆರೆಬೀದಿ ಮೈದಾನ ಕೊಡ್ತೀನಿ. ಆದರೆ ಅಲ್ಲೊಂದು ಸ್ಪೀಕರ್ ಕಟ್ಟಿಸಬೇಕು."

"ಸ್ಪೀಕರ್ ಯಾಕಯ್ಯ?"

"ಮಂಗಳ ಶುರುವಾದದ್ದು ಡ್ರೈವರುಗಳಿಗೆ ಹೇಗೆ ಗೊತ್ತಾಗಬೇಕು ಸಾರ್?"

"ಫೋನ್ ಮಾಡ್ತೀನಿ."

"ಸಭಾಂಗಣದಲ್ಲಿ ಫೋನ್ ಬಂದ್ ಅಂತ ನೀವೇ ಅಚ್ಚು ಹಾಕಿಸಿದ್ದೀರಲ್ಲ."

ಅಧ್ಯಕ್ಷರು ತಮ್ಮದೇ ಕರಪತ್ರವನ್ನು ಎರಡು ಸಲ ಓದಿ, ಸ್ಪೀಕರಿನ ಷರತ್ತಿಗೆ ಸಹಿ ಹಾಕಿದರು.

ಮರುದಿನ ಸಂಜೆ ಮೈದಾನದ ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಅದು ಗುಮಾಸ್ತನ ಮನೆ. ಒಂದು ಕಾಲಕ್ಕೆ ಚೆನ್ನಾಗಿ ಹಾಡುತ್ತಿದ್ದ ಅವನ ಅಕ್ಕ ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಅವತ್ತು ಸ್ಪೀಕರಿನಲ್ಲಿ ಬರುತ್ತಿದ್ದ ಕಛೇರಿಗೆ ಅವಳ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಮಂಗಳ ಶುರುವಾಯಿತು. ಕಾರುಗಳು ಒಂದೊಂದಾಗಿ ಹೊರಟವು. ಬರಿದಾಗುತ್ತಿದ್ದ ಮೈದಾನವನ್ನು ನೋಡುತ್ತಾ ಅಕ್ಕ ಕೇಳಿದಳು:

"ಮಂಗಳ ಇಷ್ಟು ಬೇಗ ಹಾಡಬಾರದು ಅಂತ ನಿನ್ನ ಪರ್ಮಿಟ್ಟಿನಲ್ಲಿ ಬರೆಯೋಕೆ ಬರಲ್ವೇನೋ?"