ರುಂದಾಯಿಯ ಮಣಿಪಟ್ಟಿ

ಒಂದಾನೊಂದು ಕಾಲದಲ್ಲಿ, ಎಷ್ಟು ಹಿಂದೆ ಅಂತ ಕೇಳಬೇಡ ಪುಟ್ಟೀ, ನನಗೂ ಗೊತ್ತಿಲ್ಲ, ಸಮುದ್ರದಾಚೆ ಬೋರ್ನಿಯೋ ಅನ್ನೋ ದ್ವೀಪದ ತುದೀಲಿ ರುಂಗುಸ್ ಜನ ಇದ್ರಂತೆ. ಅವರದು ಊರಿಗೆಲ್ಲ ಒಂದೇ ಉದ್ದನೆ ಮನೆ. ಮದುವೆಯಾದೋರು ತಮ್ಮ ಕೋಣೆ ತಾವೇ ಕಟ್ಟಿ ಪಕ್ಕಕ್ಕೆ ಸೇರಿಸೋದು, ಮುಂದಿನ ಬಿದಿರಿನ ಜಗಲಿ ಮಾತ್ರ ಎಲ್ಲರದೂ. ನಲವತ್ತು ಕೋಣೆ ಇತ್ತಂತೆ. ಸರಿ, ಮೂವತ್ತು ಅಂತಿಟ್ಕೋ.

ಕೊನೇ ಕೋಣೇಲಿ ರುಂದಾಯಿ ಅಂತ ಒಬ್ಬ ವಿಧವೆ. ಮಗಳ ಮದುವೆಗೆ ಅಂತ ಮೂರು ವರ್ಷ ಕೂತು, ಸಾಸಿವೆಯಂಥ ಮಣಿ ಪೋಣಿಸಿ ಎರಡು ಅಗಲವಾದ ಪಟ್ಟಿ ಮಾಡಿದ್ಲಂತೆ. ಅದಕ್ಕೆ ಪಿನಾಕೋಲ್ ಅಂತಾರೆ. ಹೆಗಲಿಂದ ಸೊಂಟಕ್ಕೆ, ಎದೆ ಮೇಲೆ ಕತ್ತರಿ ಹಾಗೆ ಹಾಕ್ಕೊಳ್ಳೋದು. ಅದಿಲ್ಲದೆ ಮದುಮಗಳು ಕುಣಿಯೋ ಹಾಗಿಲ್ಲ. ಮದುವೆಗೆ ನಾಲ್ಕೇ ದಿನ ಇದ್ದಾಗ ದೋಣೀಲಿ ಉಪ್ಪು ಮಾರೋಕೆ ಬಂದ ವ್ಯಾಪಾರಿ, ನೋಡಿ ಕೊಡ್ತೀನಿ ತಾಯೀ ಅಂತ ಇಸ್ಕೊಂಡು, ಇದು ನಂದು, ನನ್ನ ಹೆಂಡತಿ ಮಾಡಿದ್ದು ಅಂದುಬಿಟ್ನಂತೆ! ಈಗಲೂ ನನಗೆ ಮೈ ಉರಿಯುತ್ತೆ.

ಆಮೇಲೆ ರುಂದಾಯಿ ಊರ ಹಿರಿಯ ಓತಿಗಿಲ್ ಹತ್ರ ಓಡಿದ್ಲಂತೆ. ಆ ಪುಣ್ಯಾತ್ಮ, ಸಾಕ್ಷಿ ಬೇಕಲ್ಲಮ್ಮಾ ಅಂದನಂತೆ. ಮೂರು ವರ್ಷ ಅವನ ಕಣ್ಣೆದುರಿಗೇ ಪೋಣಿಸಿದ್ದು ಕಣೇ!

ಮೊದಲನೇ ದಿನ ವ್ಯಾಪಾರೀನ ಜಗಲಿಗೆ ಕರೆಸಿದ್ರು. ಹಾಕ್ಕೊಂಡು ತೋರಿಸು ಅಂತ ರುಂದಾಯಿ ಅಂದ್ರೆ, ಅವನು ಹಾರದ ಹಾಗೆ ಕುತ್ತಿಗೆಗೆ ಹಾಕ್ಕೊಂಡ. ನಮ್ಮಲ್ಲಿ ಹೀಗೇ ಅಂದ. ಇರಬಹುದು ಅಂದ ಓತಿಗಿಲ್. ಎರಡನೇ ದಿನ, ಇದರಲ್ಲಿರೋ ಚಿತ್ರ ಏನು ಅಂತ ಕೇಳಿದ್ರೆ ಕಪ್ಪೆ ಅಂದ. ಈಟಿ ಹಿಡಿದು ಬೇಟೆಗೆ ಹೊರಟೋನು ಕಣೋ ಅದು, ನಮ್ಮಜ್ಜಿ ಕಲಿಸಿದ್ದು ಅಂತ ರುಂದಾಯಿ ಕಿರುಚಿದ್ಲು. ನಮ್ಮ ಕಡೆ ಕಪ್ಪೆ ಅಂತೀವಿ ಅಂದ. ಅದೂ ಇರಬಹುದು ಅಂದ ಓತಿಗಿಲ್! ನಗಬೇಡ, ನಗೋ ವಿಷಯ ಅಲ್ಲ.

ಆಮೇಲೆ ಮೂರನೇ ದಿನ ಹೆಂಗಸರೆಲ್ಲ ತಂತಮ್ಮ ಪಿನಾಕೋಲ್ ಹಾಕ್ಕೊಂಡು ಜಗಲಿಗೆ ಬಂದ್ರಂತೆ. ಎಲ್ಲರ ಎದೆ ಮೇಲೂ ಅದೇ ಈಟಿ ಹಿಡಿದೋನು. ಹಾಗಾದ್ರೆ ಇವನ್ನೆಲ್ಲ ಯಾರು ಮಾಡಿದ್ದು ಹೇಳೋ ಅಂದ್ಲು ರುಂದಾಯಿ. ಸುಳ್ಳು ಹೇಳೋನಿಗೆ ನಿಲ್ಲಿಸೋಕೆ ಬರಲ್ಲ ನೋಡು. ಅವೂ ನನ್ನ ಹೆಂಡತೀದೇ, ನೀವೆಲ್ಲ ಕದ್ದಿದ್ದೀರಿ ಅಂದನಂತೆ ವ್ಯಾಪಾರಿ. ಮುಂದೆ ನಿಂತಿದ್ದೋಳು ಓತಿಗಿಲ್ ಹೆಂಡತಿ! ಏನ್ರೀ, ನಾನು ಕಳ್ಳೀನಾ, ಇದೂ ಇರಬಹುದಾ ಅಂತ ಗಂಡನ್ನ ಕೇಳಿದ್ಲಂತೆ.

ಆಗ ಎದ್ದ ನೋಡು ಓತಿಗಿಲ್! ಕಳ್ಳ ನೀನು, ಪಟ್ಟಿ ಕೊಡು, ತಪ್ಪಿಗೆ ದಂಡ ಅಂತ ಒಂದು ಹಂದಿ, ಒಂದು ಕಂಚಿನ ಜಾಗಟೆ ಇಡು ಅಂತ ಅಬ್ಬರಿಸಿದನಂತೆ. ಎರಡು ದಿನ ಎಲ್ಲಿತ್ತೋ ಆ ಗಂಟಲು!

ವ್ಯಾಪಾರಿ ಪಟ್ಟಿ ತಂದು ಮುಂದಿಟ್ಟ. ಆದ್ರೆ ರುಂದಾಯಿ ಅದನ್ನ ಮುಟ್ಟಲಿಲ್ಲ. ಮೊದಲು ನಿನ್ನ ತಪ್ಪು ಒಪ್ಕೋ ಹಿರಿಯಾ ಅಂದ್ಲು. ಜಗಲಿ ತುಂಬ ಜನರ ಮುಂದೆ, ತಪ್ಪಾಯ್ತು ಅಂತ ಮೂರು ಸಲ ಹೇಳಿಸಿದ್ಲಂತೆ. ಆಮೇಲೆ ಮದುವೆ ದಿನ ಪಟ್ಟೀನ ಮಗಳಿಗೆ ತಾನೇ ತೊಡಿಸಿದ್ಲು, ಮಗಳು ಬೆಳಗಿನ ತನಕ ಕುಣಿದ್ಲು, ಸುಖವಾಗಿ ಬಾಳಿದ್ಲು.

ಕತೆ ಮುಗೀತು, ನನ್ನ ಸಿಟ್ಟು ಮುಗೀಲಿಲ್ಲ. ನೀನು ಮಲಗು.